ಡ್ರಾಯಿಂಗ್ ತುಂಬಾ ±0.02: ಹಂಗೇ ರೇಟ್ ಕೊಡೋದಾ, ವಾಪಸ್ ಕಳಿಸೋದಾ?

ಕಾಟೀಹಳ್ಳಿ ಲೇತ್
ಎಲ್ರಿಗೂ ನಮಸ್ಕಾರ. ಹಾಸನದ ಬಿ. ಕಾಟೀಹಳ್ಳೀಲಿ ನಮ್ದೊಂದು ಸಣ್ಣ ವರ್ಕ್‌ಶಾಪ್. ಸಾದಾ ಲೇತು, ಒಂದು ಸಿಎನ್‌ಸಿ ಟರ್ನಿಂಗ್, ಒಂದು ಮಿಲ್ಲಿಂಗ್. ಗ್ರೈಂಡಿಂಗ್ ಹೊರಗೆ ಮಾಡಿಸ್ತೀವಿ. ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್) ಮಾಡೋ ಪಾರ್ಟಿಯೊಬ್ರಿಂದ ಡ್ರಮ್ ಶಾಫ್ಟ್ ಡ್ರಾಯಿಂಗ್ ಬಂದಿದೆ. ಮೆಟೀರಿಯಲ್ ಇಎನ್8 ಸ್ಟೀಲ್, ಐದು ಸ್ಟೆಪ್: 22 ಡಯಾ, 25, ಮಧ್ಯದಲ್ಲಿ 32, ಮತ್ತೆ 25, ಮತ್ತೆ 22. 25ರ ಮೇಲೆ 6205 ಬೇರಿಂಗ್, 32ರ ಮೇಲೆ ಡ್ರಮ್. ಜೊತೆಗೊಂದು ಕವರ್ ಪ್ಲೇಟ್, ಅದರಲ್ಲಿ 90 ಪಿಸಿಡಿ (ಹೋಲುಗಳ ಸೆಂಟರ್ ಕೂರೋ ವೃತ್ತದ ಡಯಾ) ಮೇಲೆ ಎಂ8 ಬೋಲ್ಟಿಗೆ 9 ಮಿಮೀ ಹೋಲ್ ನಾಕು.

ಗೋಳು ಏನಪ್ಪಾ ಅಂದ್ರೆ, ಡ್ರಾಯಿಂಗ್ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ "ಬೇರೆ ಹೇಳದಿದ್ದರೆ ಎಲ್ಲ ಅಳತೆ ±0.02" ಅಂತ ಒಂದು ಸಾಲು, ಅಂದ್ರೆ ಟಾಲರೆನ್ಸ್ (ಬಿಡಬಹುದಾದ ಹೆಚ್ಚುಕಮ್ಮಿ) 0.02 ಮಿಮೀ ಅಷ್ಟೇ. ಬೇರೆ ಎಲ್ಲೂ ಏನೂ ಹೇಳಿಲ್ಲ! ಉದ್ದಕ್ಕೆ 62, 38, 210, 48, 62 ಅಂತ ಒಂದರ ಪಕ್ಕ ಒಂದು ಬರೆದು, ಕೆಳಗೆ ಟೋಟಲ್ 420ನೂ ಬರೆದವ್ರೆ. ಸ್ಯಾಂಪಲ್ ಕೊಟ್ಟಾಗ ಐದೂ ಸ್ಟೆಪ್ಪಿಗೆ ಅವ್ರ ಕ್ಯೂಸೀನೇ (ಚೆಕಿಂಗ್ ವಿಭಾಗ) ಟಿಕ್ ಹಾಕಿ, ಟೋಟಲ್ 0.07 ಜಾಸ್ತಿ ಅಂತ ಪೀಸ್ ರಿಜೆಕ್ಟ್ ಮಾಡ್ತು. ಪರ್ಚೇಸ್‌ನವ್ರನ್ನ ಕೇಳಿದ್ರೆ "ಡ್ರಾಯಿಂಗ್ ಪ್ರಕಾರ ಮಾಡಿ" ಅಂತ ಒಂದೇ ಮಾತು. ಈಗ ಲಾಟ್‌ಗೆ ರೇಟ್ ಕೇಳ್ತಾವ್ರೆ. ಏನ್ ಮಾಡ್ಲಿ?

ಸಕಲೇಶಪುರ ಘಾಟ್
ರೇಟ್‌ಗೂ ±0.02 ಹಾಕಿ ಕೊಡಿ.

ಗೇಜ್ ಗೌಡ
ಲೇತ್ ಅವ್ರೇ, ದುಡ್ಡಿನ ಮಾತು ಆಮೇಲೆ. ಮೊದ್ಲು ಆ 25 ನೋಡಿ. ±0.02 ಅಂದ್ರೆ 24.98 ಬಂದ್ರೂ ಪಾಸು, 25.02 ಬಂದ್ರೂ ಪಾಸು. 6205ರ ಒಳಗಿನ ರಿಂಗು ಸಾಮಾನ್ಯ ಕ್ಲಾಸ್‌ನಲ್ಲಿ 24.990ರಿಂದ 25.000 ಒಳಗೆ ಬರುತ್ತೆ. 24.98 ಶಾಫ್ಟ್ ಹಾಕಿದ್ರೆ ಬೇರಿಂಗು ಕೈಯಲ್ಲೇ ಜಾರಿ ಕೂತ್ಕೊಳ್ಳುತ್ತೆ. ಬೆಲ್ಟ್ ಎಳೆತ ಬಿದ್ದ ಮೇಲೆ ಶಾಫ್ಟು ರಿಂಗ್ ಒಳಗೇ ತಿರುಗಿ ಸೀಟ್ ಸವೆದು ಹೋಗುತ್ತೆ. ಅದೇ 25.02 ಆಯ್ತು ಅಂದ್ರೆ 30 ಮೈಕ್ರಾನ್‌ವರೆಗೂ (ಸಾವಿರ ಮೈಕ್ರಾನ್ ಅಂದ್ರೆ 1 ಮಿಮೀ) ಟೈಟು, ಸುತ್ತಿಗೆ ತಗೊಂಡು ಹೊಡೀತಾರೆ, ಬೇರಿಂಗ್ ಒಳಗೆ ಬಾಲು ಓಡೋ ದಾರೀಲಿ ಗುಳಿ ಬೀಳುತ್ತೆ.

ಅಲ್ಲಿಗೆ ಬೇಕಾಗಿರೋದು ಕೆ6 ಅನ್ನೋ ಫಿಟ್ಟು. 25 ಡಯಾಗೆ ಕೆ6 ಅಂದ್ರೆ +2ರಿಂದ +15 ಮೈಕ್ರಾನ್, ಅಂದ್ರೆ 25.002ರಿಂದ 25.015. ಬರೀ 13 ಮೈಕ್ರಾನ್ ಜಾಗ. ನಿಮ್ಮ ಪಾರ್ಟಿ ಕೊಟ್ಟಿರೋದು 40. ಬಿಗಿ ಬೇಕಾದ ಒಂದೇ ಜಾಗದಲ್ಲಿ ಸಡಿಲ ಬಿಟ್ಟು, ಬೇಡದ ಕಡೆಯೆಲ್ಲ ಬಿಗಿ ಮಾಡವ್ರೆ. ಈ ಡ್ರಾಯಿಂಗ್ ಪ್ರಕಾರ ನೂರಕ್ಕೆ ನೂರು ಸರಿಯಾಗಿ ಮಾಡಿದ್ರೂ ಮಿಷನ್ ಕೆಡುತ್ತೆ.

ಕಾಟೀಹಳ್ಳಿ ಲೇತ್
ಗೌಡ್ರೇ, ಇದು ನನ್ನ ತಲೆಗೇ ಹೊಳ್ದಿರ್ಲಿಲ್ಲ. ನಾನು ಉದ್ದದ ಮೇಲೇ ಬಿದ್ದಿದ್ದೆ.

ಕ್ಯಾಡ್ ಹುಡುಗಿ
ನಾನು ಚಿಕ್ಕಮಗಳೂರಿನವಳು, ಈಗ ಬೆಂಗಳೂರಲ್ಲಿ ಡಿಸೈನ್ ಕೆಲಸ. ಎಲ್ಲಾ ತಪ್ಪನ್ನೂ ಡ್ರಾಯಿಂಗ್ ಮಾಡಿದವ್ರ ತಲೆಗೆ ಕಟ್ಟೋ ಮುಂಚೆ ಒಂದು ಮಾತು. ಆ ±0.02 ಯಾರೂ ಯೋಚನೆ ಮಾಡಿ ಬರೆದಿರಲ್ಲ. ಹಳೇ ಟೆಂಪ್ಲೇಟಲ್ಲಿ ಇರುತ್ತೆ, ಹೊಸಬರು ಅದನ್ನೇ ತೆಗೆದು ಹೆಸರು, ನಂಬರ್ ಬದಲಾಯಿಸಿ ಕಳಿಸ್ತಾರೆ. ಅಳಿಸೋಕೆ ಭಯ, ಯಾಕಂದ್ರೆ ಸಡಿಲ ಮಾಡಿ ಏನಾದ್ರೂ ಕೆಟ್ರೆ ಬೈಗುಳ ಅವರಿಗೇ. ಬಿಗಿ ಹಾಕಿದ್ದಕ್ಕೆ ಇಲ್ಲಿತನಕ ಯಾರನ್ನೂ ಯಾರೂ ಬೈದಿಲ್ಲ.

ಇನ್ನೊಂದು, ನಿಮ್ಮ ಕಡೆಯವರೂ ಸಾಚಾ ಅಲ್ಲ. ಟಾಲರೆನ್ಸ್ ಬರೆಯದೆ ಬಿಟ್ರೆ 210ಕ್ಕೆ 208 ಮಾಡಿ "ನೀವು ಹೇಳಿರ್ಲಿಲ್ವಲ್ಲಾ ಮೇಡಂ" ಅನ್ನೋ ವೆಂಡರ್‌ಗಳನ್ನ ನೋಡಿದೀನಿ.

ಟೂಲ್‌ರೂಮ್ ತಮ್ಮ
ಮೇಡಂ, ಬೈದಿಲ್ಲ ಅನ್ನೋದು ನಿಮ್ಮ ಆಫೀಸ್ ಕತೆ. ನಮ್ಮ ಗ್ರೈಂಡಿಂಗ್ ಶೆಡ್ಡಿಗೆ ಬನ್ನಿ, ದಿನಾ ಬೈತೀವಿ. ನಿಮಗೆ ಕೇಳಿಸಲ್ಲ ಅಷ್ಟೇ.

ಡಿಪ್ಲೊಮಾ ಮೇಷ್ಟ್ರು
ಬರೆಯದೆ ಬಿಟ್ಟ ಅಳತೆಗೂ ಒಂದು ಲೆಕ್ಕ ಇದೆ. ಅದಕ್ಕೇ ಐಎಸ್‌ಒ 2768 ಅನ್ನೋ ಸ್ಟ್ಯಾಂಡರ್ಡ್ ಇರೋದು. ಟೈಟಲ್ ಬ್ಲಾಕಲ್ಲಿ "ಐಎಸ್‌ಒ 2768 ಎಂ" ಅಂತ ಬರೆದರೆ 6ರಿಂದ 30 ಮಿಮೀವರೆಗಿನ ಅಳತೆಗೆ ±0.2, 30 ದಾಟಿ 120ರವರೆಗೆ ±0.3, 400ರವರೆಗೆ ±0.5, 1000ದವರೆಗೆ ±0.8. ಅಳತೆ ದೊಡ್ಡದಾದಂತೆ ಟಾಲರೆನ್ಸೂ ಬೆಳೆಯುತ್ತೆ, 6 ಮಿಮೀಗೂ 420ಕ್ಕೂ ಒಂದೇ ±0.02 ಅನ್ನೋ ಅಡ್ಡಾದಿಡ್ಡಿ ಇಲ್ಲ. ಈ ಶಾಫ್ಟಿನ 62, 38, 48ಕ್ಕೆ ±0.3, 210ಕ್ಕೆ ±0.5 ಬರುತ್ತೆ. ಸಾದಾ ಲೇತಲ್ಲಿ ಯಾರು ಬೇಕಾದರೂ ಮಾಡಬಹುದು. 208 ಮಾಡಿದವನನ್ನ ರಿಜೆಕ್ಟೂ ಮಾಡಬಹುದು.

ಒಂದು ಎಚ್ಚರಿಕೆ. ಹಳೇ ಡ್ರಾಯಿಂಗ್‌ಗಳಲ್ಲಿ "2768 ಎಂಕೆ" ಅಂತ ಇರುತ್ತೆ. ಆ ಕೆ ಬರೋದು ಎರಡನೇ ಭಾಗದಿಂದ, ನೇರ, ಚಪ್ಪಟೆ, ಲಂಬ ಇವುಗಳ ಸಾಮಾನ್ಯ ಟಾಲರೆನ್ಸ್. ಆ ಎರಡನೇ ಭಾಗವನ್ನ 2021ರಲ್ಲಿ ಹಿಂತೆಗೆದುಕೊಂಡು ಐಎಸ್‌ಒ 22081 ತಂದಿದ್ದಾರೆ. ಮೊದಲನೇ ಭಾಗದ ಎಂ ಮಾತ್ರ ಬರೆದರೆ ಗೊಂದಲ ಇಲ್ಲ.

ಬೇಲೂರ್ ಹೈದ
ಮೇಷ್ಟ್ರೇ, ಇದನ್ನ ಕಾಲೇಜಲ್ಲಿ ಯಾಕೆ ಹೇಳ್ಕೊಡಲ್ಲ? ನಮಗೆ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ನು, ಗೆರೆ ದಪ್ಪ, ಬಾಣದ ತುದಿ ಉದ್ದ ಇಷ್ಟಕ್ಕೇ ಮಾರ್ಕ್ಸು. ಫಿಟ್ಸ್ ಅಂಡ್ ಟಾಲರೆನ್ಸಸ್ ಅಂತ ಒಂದು ಚಾಪ್ಟರ್ ಬಂತು, ಎಚ್7 ಜಿ6 ಲೆಕ್ಕ ಮಾಡ್ಸಿದ್ರು, ಎಲ್ಲಿ ಹಾಕ್ಬೇಕು ಅಂತ ಮಾತ್ರ ಹೇಳ್ಲಿಲ್ಲ.

ಡಿಪ್ಲೊಮಾ ಮೇಷ್ಟ್ರು
ಹೇಳಿರ್ತೀವಪ್ಪಾ, ನೀನು ಆ ದಿನ ಬಂದಿರಲ್ಲ.

ಬೇಲೂರ್ ಹೈದ
ಅಯ್ಯೋ ಸರ್, ನಾನು ನಿಮ್ಮ ಸ್ಟೂಡೆಂಟೇ ಅಲ್ಲ!

ಪೀಣ್ಯ ರಿಟರ್ನ್
ಉದ್ದದ ವಿಷಯಕ್ಕೆ ಬರೋಣ. ಐದು ಅಳತೆ ಸರಪಳಿ ಹಾಕಿ, ಒಂದೊಂದಕ್ಕೂ ±0.02 ಕೊಟ್ರೆ ಕೂಡಿದಾಗ ±0.10 ಆಗುತ್ತೆ. ಟೋಟಲ್‌ಗೂ ±0.02 ಅಂದ್ರೆ ಎರಡೂ ಒಟ್ಟಿಗೆ ನಡೆಯಲ್ಲ. ನಿಮ್ಮ 0.07 ಪೀಸು ಆ ಡ್ರಾಯಿಂಗ್ ಪ್ರಕಾರವೇ ಹುಟ್ಟಿದ್ದು, ಅದೇ ಡ್ರಾಯಿಂಗ್ ಪ್ರಕಾರವೇ ಸತ್ತಿದ್ದು. ಸರಪಳಿಯಲ್ಲಿ ಒಂದು ಕೊಂಡಿ ಬಿಡಲೇಬೇಕು. ಯಾವುದು ಕೆಲಸಕ್ಕೆ ಬರಲ್ಲವೋ ಅದನ್ನ ಬಿಡಬೇಕು, ಇಲ್ಲಾಂದ್ರೆ ಬ್ರಾಕೆಟ್ಟಲ್ಲಿ ಹಾಕಿ ರೆಫರೆನ್ಸ್ ಮಾಡಬೇಕು. ಬ್ರಾಕೆಟ್ಟಲ್ಲಿರೋ ಅಳತೆ ನೋಡೋಕೆ ಮಾತ್ರ, ಅದನ್ನಿಟ್ಕೊಂಡು ರಿಜೆಕ್ಟ್ ಮಾಡಂಗಿಲ್ಲ.

ನನ್ನ ಕೇಳಿದ್ರೆ ಒಂದು ಬೇರಿಂಗ್ ಶೋಲ್ಡರಿಂದ (ಬೇರಿಂಗ್ ಒತ್ತಿ ನಿಲ್ಲೋ ಮೆಟ್ಟಿಲು) ಶುರು ಮಾಡಿ ಎಲ್ಲಾ ಅಳತೇನೂ ಅಲ್ಲಿಂದಲೇ ಕೊಡಬೇಕು. ಒಂದರ ತಪ್ಪು ಇನ್ನೊಂದಕ್ಕೆ ಅಂಟಲ್ಲ.

ಟೂಲ್‌ರೂಮ್ ತಮ್ಮ
ಶೋಲ್ಡರ್ ಅಂದಾಗ ನೆನಪಾಯ್ತು. ಮೂಲೇಲಿ ರೇಡಿಯಸ್ ಬರೆದವ್ರಾ? ಬರೆಯದಿದ್ರೆ ಟೂಲ್ ಮೂತಿ ಎಷ್ಟಿರುತ್ತೋ ಅಷ್ಟೇ ರೇಡಿಯಸ್ ಬರುತ್ತೆ. 6205ಗೆ ಶಾಫ್ಟ್ ಮೂಲೆ 1 ಮಿಮೀ ದಾಟಬಾರದು. 1.2 ಟಿಪ್ಪಲ್ಲಿ ತಿರುವಿದ್ರೆ ಬೇರಿಂಗು ಶೋಲ್ಡರಿಗೆ ತಾಗದೆ ಮೂಲೆ ಮೇಲೇ ನಿಲ್ಲುತ್ತೆ, ಆಮೇಲೆ ಓರೆ. ನಿಮ್ಮ 38 ಎಷ್ಟು ಕರೆಕ್ಟಾಗಿದ್ರೂ ಪ್ರಯೋಜನ ಇಲ್ಲ.

ಕಾಟೀಹಳ್ಳಿ ಲೇತ್
ರೇಡಿಯಸ್ ಇಲ್ಲ ತಮ್ಮ. ಕೀವೇ (ಕೀ ಕೂರೋ ತೋಡು) ಕತೆ ಕೇಳು ಇನ್ನೂ. 32ರ ಮೇಲೆ 10 ಅಗಲದ ಕೀ. ಸೆಂಟರ್‌ಲೈನಿಂದ ಕೀವೇ ತಳಕ್ಕೆ 11 ±0.02 ಅಂತ ಬರುತ್ತೆ.

ಗೇಜ್ ಗೌಡ
ಸೆಂಟರ್‌ಲೈನ್ ಮೇಲೆ ಮೈಕ್ರೋಮೀಟರ್ ಹೆಂಗ್ರೀ ಇಡ್ತೀರಾ? ಅದು ಪೇಪರ್ ಮೇಲಿನ ಗೆರೆ, ಕಬ್ಬಿಣದ ಮೇಲೆ ಇಲ್ಲ. ಮೇಲಿನ ಅಂಚಿನಿಂದ 5 ಆಳ ಅಂತ ಬರೆಯೋದೂ ಸರಿಯಿಲ್ಲ, ಆ ಜಾಗದಲ್ಲಿ ಮೆಟೀರಿಯಲ್ ಕತ್ತರಿಸಿ ಹೋಗಿರುತ್ತೆ. ಎದುರು ಬದಿಯಿಂದ ಕೀವೇ ತಳಕ್ಕೆ 27 ಅಂತ ಬರೀಬೇಕು. ಶಾಫ್ಟನ್ನ ಕೆಳಗಿಂದ ಹಿಡಿದು ತಳಕ್ಕೆ ನೇರ ಅಳೀಬಹುದು. ಅಳೆಯೋಕಾಗದ ಅಳತೆ ಬರೆದ್ರೆ ಕ್ಯೂಸಿಯವ್ನು ಲೆಕ್ಕ ಮಾಡ್ತಾನೆ, ಲೆಕ್ಕದಲ್ಲಿ ಎರಡು ಅಳತೆಯ ತಪ್ಪು ಸೇರುತ್ತೆ.

ಸಕಲೇಶಪುರ ಘಾಟ್
420ಕ್ಕೆ ±0.02 ಅಂದ್ರಲ್ಲ, ಬಿಸಿಲಿಗೆ ಏನ್ ಹೇಳ್ತೀರಾ? ಅಳತೆಯ ಲೆಕ್ಕ ಎಲ್ಲ 20 ಡಿಗ್ರಿಗೆ. ಸ್ಟೀಲು ಮೀಟರಿಗೆ ಡಿಗ್ರಿಗೆ 11.5 ಮೈಕ್ರಾನ್ ಹಿಗ್ಗುತ್ತೆ. ಶೆಡ್ಡು 30 ಡಿಗ್ರಿ ಇದ್ರೆ 420 ಮಿಮೀ ಶಾಫ್ಟು 48 ಮೈಕ್ರಾನ್ ಉದ್ದ. ಡಿಸೆಂಬರ್ ಬೆಳಿಗ್ಗೆ ಪಾಸು, ಏಪ್ರಿಲ್ ಮಧ್ಯಾಹ್ನ ಫೇಲು.

ಟೂಲ್‌ರೂಮ್ ತಮ್ಮ
ಅರ್ಧ ಸರಿ ಮಾರಾಯ. ಅಳೆಯೋ ವರ್ನಿಯರೂ ಸ್ಟೀಲೇ, ಅದೂ ಅದೇ ಶೆಡ್ಡಲ್ಲಿ ಬಿದ್ದಿರುತ್ತೆ, ಅದೂ ಅಷ್ಟೇ ಹಿಗ್ಗುತ್ತೆ. ಎರಡೂ ಒಂದೇ ಬಿಸಿಯಲ್ಲಿದ್ರೆ ತಪ್ಪು ಕಳೆದು ಹೋಗುತ್ತೆ. ತೊಂದರೆ ಬರೋದು ಮಿಷನ್‌ನಿಂದ ಈಗ ತಾನೇ ತೆಗೆದ ಬಿಸಿ ಜಾಬ್‌ಗೆ ತಣ್ಣಗಿರೋ ಗೇಜ್ ಹಿಡಿದಾಗ. ಅಲ್ಯೂಮಿನಿಯಂ ಆದ್ರೆ ನಿನ್ ಮಾತು ಒಪ್ತೀನಿ, ಅದು ಸ್ಟೀಲಿನ ಎರಡರಷ್ಟು ಹಿಗ್ಗುತ್ತೆ.

ಸಕಲೇಶಪುರ ಘಾಟ್
ಸರಿ ಬಿಡಪ್ಪ, ಅರ್ಧ ಮಾರ್ಕ್ಸ್ ಕೊಡು.

ಗೇಜ್ ಗೌಡ
ವರ್ನಿಯರ್ ಅಂತ ಸಲೀಸಾಗಿ ಅಂದ್ಬಿಟ್ರಿ. ವರ್ನಿಯರ್ ಲೀಸ್ಟ್ ಕೌಂಟೇ (ಓದೋಕಾಗೋ ಅತಿ ಸಣ್ಣ ಅಳತೆ) 0.02. ಅದ್ರಲ್ಲಿ ±0.02 ಚೆಕ್ ಮಾಡ್ತೀನಿ ಅನ್ನೋನು ಕಣ್ಣಂದಾಜಲ್ಲಿ ಸಹಿ ಹಾಕ್ತಾನೆ. ಇನ್ನು ಬೇರಿಂಗ್ ಸೀಟಿಗೆ ಮೈಕ್ರೋಮೀಟರ್ ಬೇಕು, ಅದೂ 25–50ರದ್ದು. 0–25ರದ್ದರ ಅಳತೆ 25ಕ್ಕೇ ಮುಗಿಯುತ್ತೆ. 25–50ನ್ನ ಸೊನ್ನೆ ಸೆಟ್ ಮಾಡೋಕೆ ಜೊತೆಗೆ ಬರೋ 25ರ ಸರಳು ಬೇಕು, ಎಷ್ಟು ಶಾಪಲ್ಲಿ ಅದು ಕಳೆದು ಹೋಗಿರುತ್ತೆ ಹೇಳಿ ನೋಡೋಣ.

ಮೂಡಿಗೆರೆ ತೋಟ
ನಾನು ಎಂಜಿನಿಯರ್ ಅಲ್ಲ, ಪಲ್ಪರ್ ಇಟ್ಕೊಂಡಿರೋನು. ಒಂದು ಪ್ರಶ್ನೆ. ಇಲ್ಲಿ ಇಷ್ಟು ಜನ ಉದ್ದದ ಬಗ್ಗೆ ಹೊಡೆದಾಡ್ತಿದ್ದೀರಲ್ಲ, ಪಲ್ಪರಿಗೆ ಉದ್ದ ಯಾಕೆ ಬೇಕು? ಅರ್ಧ ಮಿಲಿ ಆ ಕಡೆ ಈ ಕಡೆ ಆದ್ರೆ ನನಗೆ ಗೊತ್ತೂ ಆಗಲ್ಲ.

ನಮಗೆ ಬೇಕಾಗಿರೋದು ಡ್ರಮ್ಮಿಗೂ ಅದರೆದುರಿನ ಚಾಪಿಗೂ (ಹಣ್ಣು ಒತ್ತೋ ಪಟ್ಟಿ) ನಡುವಿನ ಸಂದು. ಅದನ್ನ ಸ್ಕ್ರೂ ತಿರುಗಿಸಿ ನಾವೇ ಇಟ್ಕೋತೀವಿ, ಅರೇಬಿಕಾಗೆ ಒಂದು, ರೋಬಸ್ಟಾಗೆ ಒಂದು, ಹಣ್ಣು ಸಣ್ಣದಿರೋ ವರ್ಷ ಇನ್ನೊಂದು. ಆದ್ರೆ ಡ್ರಮ್ಮು ತಿರುಗುವಾಗ ಓಲಾಡಿದ್ರೆ ಯಾವ ಸ್ಕ್ರೂ ತಿರುಗಿಸಿದ್ರೂ ಉಪಯೋಗ ಇಲ್ಲ. ಒಂದು ಕಡೆ ಬಂದಾಗ ಬೀಜ ಕಚ್ಚಿ ಪಾರ್ಚ್‌ಮೆಂಟ್ (ಬೀಜದ ಮೇಲಿನ ಹೊಟ್ಟು) ಸೀಳುತ್ತೆ, ಇನ್ನೊಂದು ಕಡೆ ಬಂದಾಗ ಹಣ್ಣು ಸಿಪ್ಪೆ ಸಮೇತ ಹಾಗೇ ಹೊರಗೆ. ಕಚ್ಚಿದ ಬೀಜ ಹುದುಗುವಾಗ ಬಣ್ಣ ಕೆಡುತ್ತೆ, ಕ್ಯೂರಿಂಗ್‌ನಲ್ಲಿ ಬೇರೆ ಹಾಕ್ತಾರೆ, ರೇಟ್ ಬಿತ್ತು. ಹೋದ ಸೀಸನ್ನು ಹೊಸ ಶಾಫ್ಟ್ ಹಾಕಿಸಿದ ಮೇಲೆ ಅದೇ ಆಯ್ತು. ಎಲ್ಲಿ ಮಾಡ್ಸಿದ್ದು ಅಂತ ಇಲ್ಲಿ ಹೇಳಲ್ಲ.

ಗೇಜ್ ಗೌಡ
ಇದು ನೋಡಿ ಮಾತು ಅಂದ್ರೆ. ಡ್ರಾಯಿಂಗ್ ಮಾಡಿದವ್ರು ಒಂದು ಸಲ ಇವ್ರ ತೋಟಕ್ಕೆ ಹೋಗಿದ್ರೆ ಮುಗಿದಿತ್ತು.

ಪೀಣ್ಯ ರಿಟರ್ನ್
ತೋಟದ ಸಾಹುಕಾರ್ರು ಹೇಳಿದ್ದನ್ನ ಡ್ರಾಯಿಂಗಿಗೆ ಇಳಿಸಿದ್ರೆ ಹೀಗೆ: ಎರಡೂ 25 ಸೀಟು ಸೇರಿ ಒಂದು ಡೇಟಮ್ (ಅಳೆಯೋಕೆ ಆಧಾರ), ಎ-ಬಿ. ಅದಕ್ಕೆ ಹೋಲಿಸಿ ಮಧ್ಯದ 32ಕ್ಕೆ ರನೌಟ್ (ತಿರುಗುವಾಗಿನ ಓಲಾಟ) 0.03 ಅಥವಾ 0.05. ಶಾಫ್ಟು ಮಿಷನ್ನಲ್ಲಿ ಹೆಂಗೆ ಕೂರುತ್ತೋ ಚೆಕಿಂಗೂ ಹಂಗೇ. ಎರಡು ವಿ-ಬ್ಲಾಕ್ ಮೇಲೆ 25 ಸೀಟುಗಳನ್ನ ಕೂರಿಸಿ, 32ರ ಮೇಲೆ ಡಯಲ್ ಇಟ್ಟು, ಕೈಯಲ್ಲಿ ಒಂದು ಸುತ್ತು ತಿರುಗಿಸೋದು. ಸಿಎಂಎಂ (ಕಂಪ್ಯೂಟರ್ ಅಳತೆ ಮಿಷನ್) ಬೇಕಿಲ್ಲ. ಈಗಿರೋ ಡ್ರಾಯಿಂಗಲ್ಲಿ ರನೌಟ್ ಇಲ್ಲವೇ ಇಲ್ಲ ಅಲ್ವಾ?

ಕಾಟೀಹಳ್ಳಿ ಲೇತ್
ಇಲ್ಲ. ಡಯಾ ಎಲ್ಲಾ ±0.02 ಇದ್ಮೇಲೆ ಒಂದಕ್ಕೊಂದು ಸೆಂಟರೂ ಅಷ್ಟರಲ್ಲೇ ಇರುತ್ತೆ ಅಂದ್ಕೊಂಡವ್ರೇನೋ.

ಪೀಣ್ಯ ರಿಟರ್ನ್
ಅದೇ ದೊಡ್ಡ ಭ್ರಮೆ. ಒಂದು ಕಡೆ ಚಕ್ಕಲ್ಲಿ ಹಿಡಿದು 25 ತಿರುವಿ, ಉಲ್ಟಾ ಮಾಡಿ ಹಿಡಿದು ಇನ್ನೊಂದು 25 ತಿರುವಿದ್ರೆ ಎರಡೂ ಡಯಾ ಮೈಕ್ರಾನ್ ಲೆಕ್ಕದಲ್ಲಿ ಕರೆಕ್ಟಾಗಿರುತ್ತೆ, ಸೆಂಟರ್ ಮಾತ್ರ 0.1 ಪಕ್ಕಕ್ಕೆ ಹೋಗಿರುತ್ತೆ. ಡಯಾ ಟಾಲರೆನ್ಸಿಗೂ ಸೆಂಟರಿಗೂ ಸಂಬಂಧ ಇಲ್ಲ.

ಟೂಲ್‌ರೂಮ್ ತಮ್ಮ
ಅದಕ್ಕೇ ಎರಡೂ ತುದೀಲಿ ಸೆಂಟರ್ ಹೊಡೆದು, ಸೆಂಟರ್ ಮಧ್ಯೆ ಹಿಡಿದೇ ಎಲ್ಲಾ ಡಯಾ ತಿರುವಿ, ಅದೇ ಸೆಂಟರಲ್ಲಿ ಗ್ರೈಂಡಿಂಗ್ ಮಾಡೋದು. ಅಂದಹಾಗೆ ಸೆಂಟರ್ ಹೋಲ್ ಉಳಿಸಬಹುದೋ ತೆಗೀಬೇಕೋ ಅಂತ ಡ್ರಾಯಿಂಗಲ್ಲಿ ಬರೆಸ್ಕೊಳ್ಳಿ ಅಣ್ಣ. ಬರೆದಿಲ್ಲ ಅಂತ ಅದಕ್ಕೂ ರಿಜೆಕ್ಟ್ ಮಾಡಿದ ಪುಣ್ಯಾತ್ಮರು ಇದಾರೆ.

ಬೇಲೂರ್ ಹೈದ
ರನೌಟ್ ಯಾಕೆ, ಕಾನ್ಸೆಂಟ್ರಿಸಿಟಿ ಹಾಕಿದ್ರೆ ಆಗಲ್ವಾ? ಒಂದರೊಳಗೊಂದು ಎರಡು ವೃತ್ತದ ಗುರುತು.

ಕ್ಯಾಡ್ ಹುಡುಗಿ
ಅಮೆರಿಕದ ಎಎಸ್‌ಎಂಇ ವೈ14.5 ಸ್ಟ್ಯಾಂಡರ್ಡಿನ 2018ರ ಆವೃತ್ತೀಲಿ ಕಾನ್ಸೆಂಟ್ರಿಸಿಟಿ, ಸಿಮೆಟ್ರಿ ಎರಡನ್ನೂ ಕಿತ್ತು ಹಾಕಿದ್ದಾರೆ. ಐಎಸ್‌ಒದಲ್ಲಿ ಅದೇ ಗುರುತು ಇನ್ನೂ ಇದೆ, ಅಕ್ಷಕ್ಕೆ ಅಕ್ಷ ಹೋಲಿಸೋಕೆ. ನಮ್ಮಲ್ಲಿ ಎರಡೂ ಸ್ಟ್ಯಾಂಡರ್ಡನ್ನ ಕಲಸಿ ಹಾಕ್ತಾರೆ, ಯಾವುದರ ಪ್ರಕಾರ ಅಂತ ಟೈಟಲ್ ಬ್ಲಾಕಲ್ಲಿ ಬರೆಯಲ್ಲ. ಈ ಶಾಫ್ಟಿಗೆ ರನೌಟೇ ಸರಿ. ಡಯಲ್ ಇರೋ ಯಾವ ಶಾಪಲ್ಲಾದ್ರೂ ನೋಡಬಹುದು.

ಆ ಕವರ್ ಪ್ಲೇಟ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ಎಂ8 ಬೋಲ್ಟಿಗೆ 9ರ ಹೋಲು ಅಂದ್ರೆ 1 ಮಿಲಿಮೀಟರ್ ಆಟ ಇದೆ. ಬೋಲ್ಟು ಬೇರಿಂಗ್ ಹೌಸಿಂಗಿನ ಥ್ರೆಡ್ಡಿಗೆ ಹೋಗುತ್ತೆ ಅಂತಿಟ್ಕೊಳ್ಳಿ, ಆ 1ನ್ನ ಎರಡೂ ಭಾಗಕ್ಕೆ ಹಂಚಿದ್ರೆ ತಲಾ ಡಯಾ 0.5 ಪೊಸಿಶನ್. ಅಲ್ಲಿಗೆ ±0.02 ಯಾಕೆ ಕೊಟ್ರು ದೇವರೇ ಬಲ್ಲ.

ಡಿಪ್ಲೊಮಾ ಮೇಷ್ಟ್ರು
ಮೇಡಂ ಪೊಸಿಶನ್ ಅಂದದ್ದಕ್ಕೆ ಸೇರಿಸ್ತೀನಿ. ಹೋಲಿನ ಜಾಗಕ್ಕೆ ಅಡ್ಡ ±0.1, ಉದ್ದ ±0.1 ಅಂತ ಕೊಟ್ರೆ ಸಿಗೋದು 0.2ರ ಚೌಕ. ಆ ಚೌಕದ ಮೂಲೆಗೆ ಬಂದ ಹೋಲು ನಡುವಿನಿಂದ 0.14 ದೂರ ಹೋಗಿರುತ್ತೆ, ಆದ್ರೂ ಪಾಸು. ಅದೇ 0.14 ನೇರ ಬಲಕ್ಕೆ ಹೋದ್ರೆ ಫೇಲು. ಬೋಲ್ಟು ದುಂಡಗಿದೆ, ಅದಕ್ಕೆ ದಿಕ್ಕಿನ ಭೇದ ಇಲ್ಲ. ಹಾಗಾಗಿ ಚೌಕದ ಸುತ್ತ 0.28ರ ವೃತ್ತ ಬರೆದು, ಅದರೊಳಗೆ ಎಲ್ಲಿ ಬಂದರೂ ಸರಿ ಅನ್ನೋದು ಪೊಸಿಶನ್ ಟಾಲರೆನ್ಸ್. ಚೌಕಕ್ಕಿಂತ 57 ಪರ್ಸೆಂಟ್ ಹೆಚ್ಚು ಜಾಗ, ಅಸೆಂಬ್ಲಿಗೆ ಏನೂ ನಷ್ಟ ಇಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡ್ರಿಯಾದ ಟಾರ್ಪಿಡೊ ಕಾರ್ಖಾನೇಲಿದ್ದ ಸ್ಟ್ಯಾನ್ಲಿ ಪಾರ್ಕರ್ ಅನ್ನೋವರಿಗೆ ಈ ಯೋಚನೆಯ ಹೆಸರು ಸಲ್ಲುತ್ತೆ, ಎರಡನೇ ಮಹಾಯುದ್ಧದ ಹೊತ್ತಿನ ಮಾತು.

ಸಕಲೇಶಪುರ ಘಾಟ್
ಟಾರ್ಪಿಡೊಗೂ ಹೊಯ್ಸಳರಿಗೂ ಏನ್ ಸಂಬಂಧ ಕೇಳ್ಬೇಡಿ. ಬೇಲೂರಲ್ಲಿ ಲೇತ್ ಕಂಬ ನೋಡಿ, 900 ವರ್ಷದ ಹಿಂದೆ ಯಾವ ಜಿಡಿ ಅಂಡ್ ಟಿ (ಆಕಾರ, ಜಾಗದ ಟಾಲರೆನ್ಸ್ ಬರೆಯೋ ಪದ್ಧತಿ) ಇತ್ತು? ಕನ್ನಡಿ ಥರ ಹೊಳೆಯುತ್ತೆ.

ಬೇಲೂರ್ ಹೈದ
ನಮ್ಮೂರ ಕಂಬ ಮುಟ್ಟಬೇಡಿ ಸಾರ್.

ಟೂಲ್‌ರೂಮ್ ತಮ್ಮ
ಅದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ. ಮತ್ತೆ ಒಂದು ಕಂಬ ಕಿತ್ತು ಇನ್ನೊಂದರ ಜಾಗದಲ್ಲಿ ಇಡೋ ಪ್ರಮೇಯ ಅವ್ರಿಗಿರ್ಲಿಲ್ಲ. ಆಯಾ ಜಾಗಕ್ಕೆ ಆಯಾ ಕಂಬ ಕೂರಿಸಿಕೊಂಡು ಕೆಲಸ. ನಮ್ದು ಹಂಗಲ್ಲ, ಮೂಡಿಗೆರೇಲಿ ಮುರಿದ ಶಾಫ್ಟಿಗೆ ಕಾಟೀಹಳ್ಳೀಲಿ ಮಾಡಿದ್ದು ಫೈಲ್ ಹಿಡಿಯದೆ ಕೂರಬೇಕು. ಟಾಲರೆನ್ಸ್ ಬೇಕಾಗೋದೇ ಅದಕ್ಕೆ.

ಗೇಜ್ ಗೌಡ
ಕಂಬ ಬಿಟ್ಟು ಕೆಲಸಕ್ಕೆ ಬನ್ನಿ. ಲೇತ್ ಅವ್ರೇ, ಪರ್ಚೇಸ್‌ನವ್ರ ಹತ್ರ ವಾದ ಮಾಡ್ಬೇಡಿ, ಅವ್ರಿಗೆ ಡ್ರಾಯಿಂಗ್ ಮುಟ್ಟೋ ಅಧಿಕಾರ ಇಲ್ಲ. ಎರಡು ರೇಟ್ ಬರೆದು ಕಳಿಸಿ. ಒಂದು ಡ್ರಾಯಿಂಗ್ ಇದ್ದಂಗೇ, ಎಲ್ಲಾ ಮುಖ ಗ್ರೈಂಡಿಂಗ್ ಸೇರಿ. ಇನ್ನೊಂದು, ಸೀಟು ಕೆ6, 32ಕ್ಕೆ ಎಚ್6 (ಸಣ್ಣ ಅಕ್ಷರದ ಎಚ್, ಶಾಫ್ಟಿನದು), ರನೌಟ್ 0.05, ಕೀವೇ 27, ಉಳಿದದ್ದು 2768 ಎಂ. ಅಂತರ ನೋಡಿದ ಕೂಡ್ಲೇ ಪರ್ಚೇಸ್‌ನವ್ರೇ ಡಿಸೈನ್‌ಗೆ ಓಡ್ತಾರೆ. ಬಾಯಿಮಾತಲ್ಲಿ ಒಪ್ಪಿದ್ರೆ ಮಾತ್ರ ಶುರು ಮಾಡ್ಬೇಡಿ, ರಿವಿಷನ್ ಬದಲಾಗಿ ಡ್ರಾಯಿಂಗ್ ಕೈಗೆ ಬರಲಿ.

ಕ್ಯಾಡ್ ಹುಡುಗಿ
ಎರಡು ರೇಟ್ ಐಡಿಯಾ ಚೆನ್ನಾಗಿದೆ. ಜೊತೆಗೆ ಡ್ರಾಯಿಂಗ್ ಪ್ರಿಂಟ್ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿ ಫೋಟೊ ಕಳಿಸಿ ಸರ್. ಹೊಸ ಹುಡುಗನಾದ್ರೆ ಅವನಿಗೂ ಮೇಲಿನವರಿಗೆ ತೋರಿಸೋಕೆ ಒಂದು ಆಧಾರ ಸಿಗುತ್ತೆ. "ತಪ್ಪು ಮಾಡಿದ್ದೀರಾ" ಅಂತ ಬರೀಬೇಡಿ, "ಹೀಗೆ ಮಾಡಿದ್ರೆ ನಡೆಯುತ್ತಾ" ಅಂತ ಕೇಳಿ.

ಕಾಟೀಹಳ್ಳಿ ಲೇತ್
ಅಪ್‌ಡೇಟ್. ಎರಡು ರೇಟ್ ಕಳಿಸಿದೆ, ಮೊದಲನೇದು ಎರಡನೇದರ ಎರಡರಷ್ಟು ದಾಟ್ತು. ಡಿಸೈನ್ ಹುಡುಗನೇ ಫೋನ್ ಮಾಡಿದ, ಒಳ್ಳೇ ಹುಡುಗ, ಬೇರಿಂಗ್ ಕ್ಯಾಟಲಾಗ್ ತೆಗೆದು ನೋಡ್ದ. ಕೆ6, ರನೌಟ್, ಕೀವೇ, ಮೂಲೆ ರೇಡಿಯಸ್ 0.8 ಎಲ್ಲಾ ಒಪ್ದ. ಟೋಟಲ್ 420 ಬ್ರಾಕೆಟ್ಟಿಗೆ ಹೋಯ್ತು. ಪ್ಲೇಟಿನ ಹೋಲು ಮಾತ್ರ ±0.1ಕ್ಕೆ ನಿಂತಿದೆ, ಅವ್ರ ಬಾಸು ಒಪ್ಪಲ್ವಂತೆ. ಡ್ರಿಲ್ ಜಿಗ್ ಇದೆ, ಮಾಡ್ತೀನಿ ಬಿಡಿ. ಆದ್ರೆ ರಿವಿಷನ್ ಬಿ ಬಂದಾಗ ಹೊಸದೊಂದು ಸಾಲು: "ಪೂರ್ತಿ ಜಿಂಕ್ ಪ್ಲೇಟಿಂಗ್ 8 ಮೈಕ್ರಾನ್". ಪಲ್ಪರ್ ನೀರಲ್ಲಿ ಓಡುತ್ತೆ, ತುಕ್ಕು ಅಂತೆ.

ಟೂಲ್‌ರೂಮ್ ತಮ್ಮ
ಬೇರಿಂಗ್ ಸೀಟಿಗೂ? ಒಂದು ಬದಿಗೆ 8 ಅಂದ್ರೆ ಡಯಾಗೆ 16 ಮೈಕ್ರಾನ್. ನೀವು 25.010 ಗ್ರೈಂಡ್ ಮಾಡಿ ಕಳಿಸಿದ್ರೆ ಪ್ಲೇಟಿಂಗ್‌ನಿಂದ 25.026 ಆಗಿ ಬರುತ್ತೆ. ಕೆ6 ಹೋಯ್ತು. ಅಳತೆ ಪ್ಲೇಟಿಂಗಿಗೆ ಮುಂಚೆಯದೋ ಆಮೇಲಿನದೋ ಅಂತ ಇದೆಯಾ?

ಕಾಟೀಹಳ್ಳಿ ಲೇತ್
ಇಲ್ಲ ತಮ್ಮ.

ಗೇಜ್ ಗೌಡ
ಸೀಟು, 32, ಕೀವೇ ಮೂರನ್ನೂ ಮಾಸ್ಕ್ ಮಾಡಿ (ಪ್ಲೇಟಿಂಗ್ ಕೂರದಂತೆ ಮುಚ್ಚಿ) ಅಂತ ಬರೆಸಿ. ಇಲ್ಲಾಂದ್ರೆ "ಅಳತೆಗಳು ಪ್ಲೇಟಿಂಗ್ ನಂತರದ್ದು" ಅಂತ ಒಂದು ಸಾಲು ಹಾಕಿಸ್ಕೊಂಡು, ಸೀಟನ್ನ 24.990 ಆಸುಪಾಸಿಗೆ ಗ್ರೈಂಡ್ ಮಾಡ್ಬೇಕಾಗುತ್ತೆ. ಆದ್ರೆ ಪ್ಲೇಟಿಂಗ್‌ನವನು ಎಲ್ಲಾ ಪೀಸಿಗೂ ಸರಿಯಾಗಿ 8 ಕೊಡ್ತಾನೆ ಅಂತ ನಂಬ್ಕೋಬೇಡಿ. ತುದಿಗಳಲ್ಲಿ ಜಾಸ್ತಿ ಕೂರುತ್ತೆ.

ಮೂಡಿಗೆರೆ ತೋಟ
ಪ್ಲೇಟಿಂಗ್ ಯಾಕ್ರೀ ಸುಮ್ನೆ? ಸೀಸನ್ ಮುಗಿದ ಮೇಲೆ ತೊಳೆದು, ಒರೆಸಿ, ಗ್ರೀಸ್ ಹಚ್ಚಿ ಇಡ್ತೀವಿ. ಜಿಂಕ್ ಇದ್ರೂ ಹಚ್ತೀವಿ, ಇಲ್ದಿದ್ರೂ ಹಚ್ತೀವಿ. ಆ ದುಡ್ಡಲ್ಲಿ ಒಳ್ಳೇ ಆಯಿಲ್ ಸೀಲ್ ಹಾಕ್ಸಿ, ನೀರು ಹೋಗೋದು ಬೇರಿಂಗಿಗೆ.

ಕಾಟೀಹಳ್ಳಿ ಲೇತ್
ಈ ಮಾತನ್ನ ಹಂಗೇ ಆ ಹುಡುಗನಿಗೆ ಕಳಿಸ್ತಾ ಇದೀನಿ. ಸೀಲ್ ಕೂರೋ ಜಾಗಕ್ಕೆ ಫಿನಿಷ್ (ಮೇಲ್ಮೈ ನಯ, ಆರ್‌ಎ ಲೆಕ್ಕದಲ್ಲಿ ಮೈಕ್ರಾನ್) ಎಷ್ಟು ಕೊಡ್ಲಿ? ಆರ್‌ಎ 0.8 ಸಾಕಾ?

ಟೂಲ್‌ರೂಮ್ ತಮ್ಮ
0.8 ಅನ್ನೋದು ಗಡಿ, 0.4 ಹತ್ರ ಇಟ್ಕೊಳ್ಳಿ. ಗ್ರೈಂಡಿಂಗಲ್ಲಿ ಪ್ಲಂಜ್ (ಚಕ್ರ ನೇರ ಒಳಗೆ) ಹೊಡೆಸಿ, ಪಕ್ಕಕ್ಕೆ ಓಡಿಸಿದ್ರೆ ಸ್ಕ್ರೂ ಥರ ಗೆರೆ ಬಿದ್ದು ಅದ್ರಲ್ಲೇ ನೀರು ಒಳಗೆ ಹೋಗುತ್ತೆ.